ಮೂರನೆಯ ಸಲ ಓದಿದ್ದು

ಆಕೆಯನ್ನು ಕ್ರೀಡಾಂಗಣದಲ್ಲಿ ಎಲ್ಲರೂ ಕಾವಲಕ್ಕ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದು, ನಿವೃತ್ತಿಯ ನಂತರ ಹಿಡಿದ ಕೆಲಸ ಅದು. ಪಂದ್ಯ ಮುಗಿಸಿದ ಆಟಗಾರ್ತಿಯ ಬೆನ್ನು ಬಿಡದೆ ಹೋಗಬೇಕು, ಅವಳು ಬಾಟಲಿಗೆ ಮೂತ್ರ ಹಿಡಿಯುವುದನ್ನು ಕಣ್ಣಾರೆ ನೋಡಬೇಕು, ನೋಡಿದೆ ಎಂದು ಸಹಿ ಹಾಕಬೇಕು. ನಿಷೇಧಿತ ಔಷಧ ತಿಂದು ಗೆದ್ದವರು ಇನ್ನೊಬ್ಬರ ಮೂತ್ರ ತಂದು ಸುರಿದುಬಿಡಬಾರದಲ್ಲ!

ಗಡಿಯಾರ ರಿಪೇರಿ ಮಾಡುವ ಗಂಡ ಕಾಲೆಳೆಯುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. "ಇವತ್ತು ಯಾರ ಹಿಂದೆ ಹೊರಟೆ?" ಎನ್ನುತ್ತಿದ್ದ. ಅವಳಿಗೆ ಅದೆಲ್ಲ ತಾಗುತ್ತಿರಲಿಲ್ಲ. ಒಮ್ಮೆ ಹೆಸರಾಂತ ಓಟಗಾರ್ತಿಯೊಬ್ಬಳು ನಾಚಿಕೊಂಡು, ಸ್ವಲ್ಪ ಆ ಕಡೆ ತಿರುಗಿ ಅಂದದ್ದಕ್ಕೆ, "ಹೆರಿಗೇಲಿ ಸಾವಿರಾರು ಹೆಂಗಸರನ್ನ ನೋಡಿದ್ದೀನಿ. ನಿಮ್ಮದೇನಮ್ಮ ಹೊಸದು?" ಎಂದು ಬಾಯಿ ಮುಚ್ಚಿಸಿದ್ದಳು. ನೋಡಿದ್ದನ್ನು ಬರೆಯುವುದು, ಬರೆದದ್ದನ್ನು ತಿದ್ದದಿರುವುದು, ಆಟಗಾರ್ತಿಗೆ ಯಾವ ಸಲಹೆಯನ್ನೂ ಕೊಡದಿರುವುದು. ಒಂಬತ್ತು ವರ್ಷದಲ್ಲಿ ಈ ಮೂರರಲ್ಲಿ ಒಂದನ್ನೂ ಮೀರಿರಲಿಲ್ಲ, ಅದರ ಜಂಭವೂ ಅವಳಿಗಿತ್ತು.

ಆ ಮಧ್ಯಾಹ್ನ ಹೆಂಗಸರ ಭಾರ ಎತ್ತುವ ಪಂದ್ಯ. ಮೂರನೆಯ ಸ್ಥಾನ ಪಡೆದವಳಿಗೆ ಮೂವತ್ತೊಂದು ವರ್ಷ. ಹತ್ತು ವರ್ಷ ಕಬ್ಬಿಣ ಎತ್ತಿ ಬೆನ್ನು ಸವೆಸಿದವಳಿಗೆ ಇದೇ ಮೊದಲ ಪದಕ. ಕೊರಳಿಗೆ ಬಿದ್ದ ಕಂಚನ್ನು ಅವಳು ಇನ್ನೂ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಅಷ್ಟರಲ್ಲಿ ಕಾವಲಕ್ಕ ಚೀಟಿ ಹಿಡಿದು ಪಕ್ಕದಲ್ಲಿ ನಿಂತಾಗಿತ್ತು.

ಪರೀಕ್ಷೆಯ ಕೋಣೆ ಗ್ಯಾಲರಿಯ ಮೆಟ್ಟಿಲ ಕೆಳಗೆ. ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಸೀಲು ಒಡೆಯದ ನೀರಿನ ಬಾಟಲಿಗಳ ಫ್ರಿಜ್, ಒಂದು ಮೇಜು, ಎರಡು ಗೋಡೆಗೂ ಕನ್ನಡಿ ಬಡಿದ ಟಾಯ್ಲೆಟ್. ಗೋಡೆಯ ಮೇಲೆ ನಿಷೇಧಿತ ಔಷಧಗಳ ಉದ್ದ ಪಟ್ಟಿ. ಅಧಿಕಾರಿ ಬಂದು ಫಾರಂ ತೆಗೆದ. ಕಾವಲಕ್ಕ ರೂಢಿಯಂತೆ ಸೂಚನೆಯನ್ನು ಓದಿ ಹೇಳಿದಳು: "ಕಳೆದ ಏಳು ದಿನಗಳಲ್ಲಿ ತೆಗೆದುಕೊಂಡ ಎಲ್ಲ ಔಷಧಗಳನ್ನು ತಿಳಿಸಿ. ಸಹಿ ಹಾಕುವವರೆಗೆ ಸೇರಿಸಲು, ತಿದ್ದಲು ಅವಕಾಶವಿದೆ."

"ಏನೂ ಇಲ್ಲ," ಅಂದಳು ಹುಡುಗಿ. ಅಧಿಕಾರಿ ಇಲ್ಲ ಎಂದೇ ಬರೆದುಕೊಂಡು, ಮೂತ್ರ ಬಂದಾಗ ಕರೆಯಿರಿ ಎಂದು ಹೇಳಿ, ಚಿನ್ನ ಗೆದ್ದವಳನ್ನು ನೋಡಲು ಪಕ್ಕದ ಕೋಣೆಗೆ ಹೋದ.

ತೂಕ ಇಳಿಸಲು ಎರಡು ದಿನ ನೀರು ಬಿಟ್ಟವಳಿಗೆ ಮೂತ್ರ ಎಲ್ಲಿಂದ ಬರಬೇಕು? ಮೂರು ಬಾಟಲಿ ಕುಡಿದಳು. ಕೂತಳು, ಎದ್ದಳು, ಅತ್ತಿಂದಿತ್ತ ತಿರುಗಿದಳು. ಮಾಡಲು ಬೇರೆ ಕೆಲಸವಿಲ್ಲದೆ ಗೋಡೆಯ ಪಟ್ಟಿ ಓದತೊಡಗಿದಳು. ಒಂದು ಕಡೆ ಅವಳ ಬೆರಳು ನಿಂತುಬಿಟ್ಟಿತು.

"ಅಕ್ಕಾ, ಇದು ಗಂಡಸರಿಗೆ ಮಾತ್ರಾನಾ?"

"ಎಲ್ಲರಿಗೂ."

ಹಾರ್ಮೋನಿನ ಕೆಲಸವನ್ನು ಬದಲಿಸುವ ಔಷಧಗಳ ಸಾಲು ಅದು. ಅದರಲ್ಲಿ ಲೆಟ್ರೋಝೋಲ್ ಎಂಬ ಹೆಸರಿತ್ತು. ಹುಡುಗಿಯ ಮುಖದ ಕಳೆಯೇ ಇಳಿದುಹೋಯಿತು. "ಟಾಯ್ಲೆಟ್‌ಗೆ ಹೋಗ್ತೀನಿ" ಅಂದಳು.

ಒಳಗೆ ಮೂತ್ರ ಬರಲಿಲ್ಲ. ಅವಳು ಕೈ ತೊಳೆದು ಕಾಗದ ಕಿತ್ತು ಒರೆಸಿಕೊಂಡಳು. ಆ ಕಾಗದದ ಉಂಡೆಯೊಳಗೆ ಜಾಕೆಟ್ಟಿನ ಜೇಬಿನಿಂದ ಏನನ್ನೋ ತುರುಕಿ ಕಸದ ಬುಟ್ಟಿಗೆ ಹಾಕಿದ್ದು ಕನ್ನಡಿಯಲ್ಲಿ ಕಾವಲಕ್ಕನಿಗೆ ಸ್ಪಷ್ಟವಾಗಿ ಕಂಡಿತು. ಐದು ಗುಳಿ ಒಡೆದ ಮಾತ್ರೆಯ ಹಾಳೆ. ಆ ಹಾಳೆಯ ಗುರುತು ಕಾವಲಕ್ಕನಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಎಡ ಸ್ತನ ತೆಗೆದ ಮೇಲೆ ಐದು ವರ್ಷ ದಿನಾ ಬೆಳಿಗ್ಗೆ ತಾನೇ ಒಡೆದು ನುಂಗಿದ ಹಳದಿ ಮಾತ್ರೆ. ಗಂಟು ಮತ್ತೆ ಬರದಿರಲಿ ಎಂದು ಅವಳಿಗೆ ಕೊಟ್ಟದ್ದನ್ನೇ, ಮಗುವಾಗದ ಹೆಂಗಸರಿಗೆ ಅಂಡ ಬಲಿಯಲಿ ಎಂದು ಐದು ದಿನದ ಲೆಕ್ಕದಲ್ಲಿ ಕೊಡುತ್ತಾರೆ. ಕಳ್ಳದಾರಿಯಲ್ಲಿ ಮೈ ಬೆಳೆಸುವವರು ಅದನ್ನೇ ಸ್ಟೆರಾಯ್ಡಿನ ಅಡ್ಡಪರಿಣಾಮ ತಡೆಯಲು ಬಳಸುತ್ತಾರೆ, ಅದಕ್ಕೇ ಪಟ್ಟಿಯಲ್ಲಿದೆ. ಯಾರ ಹೊಟ್ಟೆಗೆ ಬಿದ್ದಿದ್ದೇನೆಂದು ಮಾತ್ರೆಗೆ ಗೊತ್ತೇ?

ಹೊರಗೆ ಬಂದು ವರದಿಯ ಹಾಳೆ ಎಳೆದುಕೊಂಡಳು. ಗಂಟೆ ಮೂರೂ ನಲವತ್ತು. ಕಂಡದ್ದನ್ನು ಆಗಲೇ ಬರೆಯಬೇಕು, ನಿಯಮ ಅದು. ಬರೆದರೆ, ಮುಚ್ಚಿಡಲು ನೋಡಿದಳು ಎಂದಾಗುತ್ತದೆ. ತಿಳಿದೇ ತಿಂದಳು ಎಂದಾಗುತ್ತದೆ, ನಾಲ್ಕು ವರ್ಷ ನಿಷೇಧ. ಮೂವತ್ತೊಂದು ಮೂವತ್ತೈದಾಗುತ್ತದೆ, ಕಬ್ಬಿಣವೂ ಕಾಯುವುದಿಲ್ಲ, ಬಸಿರೂ ಕಾಯುವುದಿಲ್ಲ. ಬರೆಯದಿದ್ದರೆ ಒಂಬತ್ತು ವರ್ಷದ ಸಹಿಗೆ ಬೆಲೆಯೇನು? ಕಾವಲಕ್ಕನಿಗೆ ಭಯವಾಯಿತು, ಭಯದ ಜೊತೆಗೆ ಸಿಟ್ಟೂ ನೆತ್ತಿಗೇರಿತು. ಕತ್ತೆ! ಹತ್ತು ವರ್ಷ ಆಡಿದವಳಿಗೆ ಡಾಕ್ಟರಿಗೆ ಒಂದು ಮಾತು ಹೇಳಲು ಏನಾಗಿತ್ತು ಧಾಡಿ? ಮುಂಚೆಯೇ ಅರ್ಜಿ ಹಾಕಿ ಅನುಮತಿ ಕೇಳುವ ದಾರಿಯಿತ್ತಲ್ಲ!

ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. ಬರೆಯಲಿಲ್ಲ.

"ಸಹಿ ಯಾವಾಗ ಹಾಕ್ಬೇಕು?" ಹುಡುಗಿ ಕೇಳಿದಳು.

ಕಾವಲಕ್ಕ ಸೂಚನೆಯನ್ನು ಎರಡನೆಯ ಸಲ ಓದಿದಳು. ಕೇಳಿದವರಿಗೆ ಓದಬಹುದು, ತಪ್ಪಿಲ್ಲ.

ಹುಡುಗಿ ತಲೆಯೆತ್ತದೆಯೇ ಕೇಳಿದಳು. "ನೀವು ನೋಡಿದ್ರಾ?"

"ನೋಡೋದೇ ನನ್ನ ಕೆಲಸ."

"ಬರೀತೀರಾ?"

"ಬರೀತೀನಿ."

"ಬರೆದ್ರಾ?"

"ಇನ್ನೂ ಇಲ್ಲ."

ಹುಡುಗಿಯ ಕೈಯಲ್ಲಿದ್ದ ಬಾಟಲಿ ಕಿರುಗುಟ್ಟಿತು. ಮಾತು ಕಟ್ಟೆಯೊಡೆದು ಬಂತು. "ಮದುವೆಯಾಗಿ ಆರು ವರ್ಷ ಆಯ್ತು ಅಕ್ಕಾ. ಕೋಚ್‌ಗೆ ಗೊತ್ತಾದ್ರೆ ತಂಡದಿಂದ ತೆಗೀತಾರೆ ಅಂತ ಊರಾಚೆ ಡಾಕ್ಟರ್ ಹತ್ರ ಹೋದೆ. ಆಟ ಆಡ್ತೀನಿ ಅಂತ ಹೇಳ್ಲೇ ಇಲ್ಲ. ಗುರುತು ಹಿಡಿದ್ರೆ ಅಂತ ಭಯ. ಇಂಥದ್ದೂ ಪಟ್ಟೀಲಿರುತ್ತೆ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ. ಏನ್ ಮಾಡ್ಲಿ ಹೇಳಿ."

"ಹೇಳೋ ಹಾಗಿಲ್ಲ."

"ನಿಮ್ಮ ಮಗಳಾಗಿದ್ರೆ?"

"ನನ್ನ ಮಗಳಾಗಿದ್ರೂ ಹೇಳೋ ಹಾಗಿಲ್ಲ."

ಹೇಳಿದ ಮಾತು ಅವಳಿಗೇ ಒರಟಾಗಿ ಕೇಳಿಸಿತು. ಪಕ್ಕದ ಕೋಣೆಯಲ್ಲಿ ಕುರ್ಚಿ ಸರಿದ ಸದ್ದಾಯಿತು, ಅಧಿಕಾರಿ ಯಾವ ಕ್ಷಣದಲ್ಲಾದರೂ ಬರಬಹುದು. ಕಾವಲಕ್ಕ ಎದ್ದಳು. ಸೂಚನೆಯ ಹಾಳೆ ಹಿಡಿದು ಹುಡುಗಿಯ ಮುಂದೆಯೇ ನಿಂತು, ಯಾರೂ ಕೇಳದೆ, ಮೂರನೆಯ ಸಲ ಓದಿದಳು. ಅಕ್ಷರ ಕಲಿಸುವವರಂತೆ ಒಂದೊಂದೇ ಪದ ಬಿಡಿಸಿದಳು. ಸಹಿ ಹಾಕುವವರೆಗೆ. ಸೇರಿಸಲು. ಅವಕಾಶವಿದೆ. ಅಲ್ಲಿಗೆ ನಿಲ್ಲಿಸಿ, ಹುಡುಗಿಯ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

ಹುಡುಗಿ ಎದ್ದು ಟಾಯ್ಲೆಟ್‌ಗೆ ಹೋದಳು. ಕಾವಲಕ್ಕ ಬೆನ್ನಿಗೇ ನಡೆದಳು. ಹುಡುಗಿ ಬುಟ್ಟಿಗೆ ಕೈಹಾಕಿ ಕಾಗದದ ಉಂಡೆ ಬಿಚ್ಚಿ, ಹಾಳೆಯನ್ನು ತಂದು ಮೇಜಿನ ಮೇಲಿಟ್ಟಳು. ಅಧಿಕಾರಿ ಬಾಗಿಲಲ್ಲಿ ನಿಂತಿದ್ದ. "ಫಾರಂನಲ್ಲಿ ಒಂದು ಸೇರಿಸ್ಬೇಕು" ಅಂದಳು.

ನಾಲ್ಕೂ ಹತ್ತಕ್ಕೆ ಕಾವಲಕ್ಕ ವರದಿ ಬರೆದಳು. ಆಟಗಾರ್ತಿ ಮಾತ್ರೆಯ ಹಾಳೆಯನ್ನು ಬುಟ್ಟಿಗೆ ಹಾಕಿದಳು, ಮೂರೂ ನಲವತ್ತು. ತಾನೇ ತೆಗೆದು ತಂದು ತಿಳಿಸಿದಳು, ನಾಲ್ಕೂ ಐದು. ಎರಡನ್ನೂ ಬರೆದಳು, ಒಂದನ್ನೂ ಬಿಡಲಿಲ್ಲ.

ಪರೀಕ್ಷೆಯಲ್ಲಿ ಅವಳ ಮೂತ್ರದಲ್ಲಿ ಆ ಔಷಧ ಸಿಕ್ಕಿತು. ಕಂಚು ವಾಪಸು ಹೋಯಿತು. ಆ ತಿಂಗಳು ಗರ್ಭವೂ ನಿಂತಿರಲಿಲ್ಲ. ನಾಲ್ಕು ತಿಂಗಳ ನಂತರ ವಿಚಾರಣೆ. ಉದ್ದನೆಯ ಮೇಜಿನಾಚೆ ಮೂವರು, ಈಚೆ ಕಾವಲಕ್ಕ. ಪರೀಕ್ಷೆ ನಡೆಸಿದವರ ಕಡೆಯ ವಕೀಲ ವರದಿಯ ಮೇಲೆ ಬೆರಳಿಟ್ಟ.

"ಮೂರೂ ನಲವತ್ತಕ್ಕೆ ಕಂಡದ್ದನ್ನು ಬರೆಯೋಕೆ ಅರ್ಧ ಗಂಟೆ ಯಾಕೆ ಬೇಕಾಯ್ತು?"

"ಕೈ ಬರಲಿಲ್ಲ ಸಾರ್."

"ಆಟಗಾರ್ತಿಗೆ ಸಲಹೆ ಕೊಟ್ಟಿರಾ?"

ಹುಡುಗಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಇಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು. ಓದುವುದು ಸಲಹೆಯಲ್ಲ ಎಂದು ಯಾರಾದರೂ ಒಪ್ಪುತ್ತಿದ್ದರು.

"ಸೂಚನೆ ಮೂರು ಸಲ ಓದಿದೆ," ಅಂದಳು ಕಾವಲಕ್ಕ. "ಮೊದಲನೇದು ನಿಯಮಕ್ಕೆ ಓದಿದ್ದು. ಎರಡನೇದು ಅವಳು ಕೇಳಿದ್ದಕ್ಕೆ. ಮೂರನೇದು ನಾನಾಗೇ ಓದಿದ್ದು. ಅವಳು ಉಳೀಲಿ ಅಂತ ಓದಿದ್ದು."

ವಕೀಲ ಅದನ್ನು ಬರೆದುಕೊಂಡ.

ಹುಡುಗಿಗೆ ಒಂದು ವರ್ಷ ನಿಷೇಧವಾಯಿತು. ಮುಚ್ಚಿಡಲು ಹೋದವಳು ಸಹಿಗೆ ಮುಂಚೆ ತಾನೇ ತಿಳಿಸಿದ್ದಾಳೆ ಎಂದು ತೀರ್ಪಿನಲ್ಲಿ ಬರೆದಿದ್ದರು. ಕಾವಲಕ್ಕನ ಹೆಸರನ್ನು ಕಾವಲಿನ ಪಟ್ಟಿಯಿಂದ ತೆಗೆದುಹಾಕಿದರು. "ಇನ್ನು ಯಾರ ಹಿಂದೆ ಹೋಗ್ತೀಯೇ?" ಎಂದ ಗಂಡ, ಅವಳು ಅತ್ತದ್ದನ್ನು ನೋಡಿ ಮತ್ತೆಂದೂ ಆ ತಮಾಷೆ ಮಾಡಲಿಲ್ಲ.

ನಿಷೇಧ ಮುಗಿದ ಮೇಲಿನ ಮೊದಲ ಪಂದ್ಯಕ್ಕೆ ಕಾವಲಕ್ಕ ಟಿಕೇಟು ಕೊಂಡು ಹೋಗಿ ಗ್ಯಾಲರಿಯಲ್ಲಿ ಕೂತಳು. ಹುಡುಗಿ ಐದನೆಯವಳಾದಳು, ಆದರೂ ಪರೀಕ್ಷೆಗೆ ಅವಳನ್ನು ಆರಿಸಿದ್ದರು. ಕೆಳಗೆ ಚೀಟಿ ಹಿಡಿದು ಬಂದ ಹೊಸಬಳು ಎಳೆ ಪ್ರಾಯದವಳು, ಸಂಕೋಚದಿಂದ ಹತ್ತು ಹೆಜ್ಜೆ ಹಿಂದೆಯೇ ಉಳಿದಿದ್ದಳು. ಕಾವಲಕ್ಕನಿಗೆ ತಡೆಯಲಾಗಲಿಲ್ಲ. "ಹತ್ರ ಹೋಗಮ್ಮಾ, ಕಣ್ಣು ತಪ್ಪಿಸಬೇಡ!" ಎಂದು ಮೇಲಿನಿಂದಲೇ ಕೂಗಿಬಿಟ್ಟಳು.

ಹುಡುಗಿ ತಲೆಯೆತ್ತಿ ನೋಡಿದಳು. ಆಮೇಲೆ ಅಲ್ಲೇ ನಿಂತಳು. ಹೊಸಬಳು ಬಂದು ಪಕ್ಕ ಸೇರುವವರೆಗೂ ಕಾದು, ಅವಳ ಜೊತೆಯಲ್ಲೇ ಮೆಟ್ಟಿಲ ಕೆಳಗಿನ ಕೋಣೆಗೆ ನಡೆದಳು.