ಅರವತ್ತು ವಾದ್ಯ, ಒಂದು ಮುರಗೋಡದ ಪೇಟಿ

ಮುರಗೋಡದ ಬಸಯ್ಯನವರ ಅಂಗಡಿಗೆ ಬೋರ್ಡಿಲ್ಲ. ಬೇಕಾಗಿಯೂ ಇಲ್ಲ. ಬೈಲಹೊಂಗಲದಿಂದ ಹಿಡಿದು ರಾಮದುರ್ಗದವರೆಗೆ ಯಾವ ಭಜನಾ ಮಂಡಳಿಯ ಪೇಟಿ ಕೆಟ್ಟರೂ ಅದು ಬಸ್ಸಿನಲ್ಲಿ ಒಂದು ಸೀಟು ಹಿಡಿದುಕೊಂಡು ನೇರ ಇಲ್ಲಿಗೇ ಬರುತ್ತದೆ. ಹಾರ್ಮೋನಿಯಂ ಎಂದು ಪಟ್ಟಣದವರು ಬೇಕಾದರೆ ಅನ್ನಲಿ, ಈ ಸೀಮೆಯಲ್ಲಿ ಅದು ಪೇಟಿಯೇ. ತಂದವರು ಪೇಟಿಯ ಜಡ್ಡು ಹೇಳಲು ಬಾಯಿ ತೆರೆದರೆ ಬಸಯ್ಯ ಕೈಯೆತ್ತಿ ತಡೆಯುತ್ತಾರೆ. ಒಮ್ಮೆ ತಿದಿ ಎಳೆದು ಗಾಳಿ ತುಂಬಿ, ಕಣ್ಣು ಮುಚ್ಚಿ ಕೇಳುತ್ತಾರೆ. ಒಂದು ಸಾಲೆಯ ಪೇಟಿಯನ್ನು ಹೀಗೇ ಕೇಳಿ, ಒಳಗೆ ಪೆನ್ಸಿಲಿನ ತುಂಡಿದೆ ಎಂದಿದ್ದರು. ಮಾಸ್ತರರು ನಕ್ಕರು. ಬಿಚ್ಚಿ ನೋಡಿದರೆ ಪೆನ್ಸಿಲೂ ಇತ್ತು, ಪಕ್ಕದಲ್ಲಿ ಯಾವುದೋ ಮಗುವಿನ ಹಾಲುಹಲ್ಲೂ ಇತ್ತು. ಹಲ್ಲಿನ ಸಪ್ಪಳ ಮಾತ್ರ ತಮಗೆ ಗೊತ್ತಾಗಲಿಲ್ಲವಲ್ಲ ಎಂದು ಬಸಯ್ಯ ಎರಡು ದಿನ ಪೇಚಾಡಿದರು. ಇಂಥ ಮನುಷ್ಯ!

ಅರವತ್ತಾರರ ವಯಸ್ಸು, ನಲವತ್ತೈದು ವರ್ಷದ ಕಸುಬು. ಪೇಟಿಯ ಒಳಗಿನ ಸ್ವರ ಹೊರಡಿಸುವ ಹಿತ್ತಾಳೆ ರೀಡನ್ನು ಕಾನಸು ಎಂಬ ಅರದಿಂದ ಕೆರೆದರೆ ಸ್ವರ ಏರುತ್ತದೆ ಇಲ್ಲವೇ ಇಳಿಯುತ್ತದೆ. ಬೇರೆಯವರು ಪರಪರ ಕೆರೆದುಬಿಡುತ್ತಾರೆ. ಬಸಯ್ಯ ಕಾನಸು ಹಿಡಿಯುವ ಮುನ್ನ ಹತ್ತು ಸಲ ವಿಚಾರ ಮಾಡುತ್ತಾರೆ, ಯಾಕೆಂದರೆ ಕೆರೆದು ಉದುರಿಸಿದ ಹಿತ್ತಾಳೆಯನ್ನು ಯಾರಪ್ಪನಿಂದಲೂ ಮತ್ತೆ ಅಂಟಿಸಲಾಗದು. ಇನ್ನು ಸ್ವಂತ ಪೇಟಿಗಂತೂ ಅವರು ಕಾನಸು ಮುಟ್ಟಿಸಿದ್ದೇ ಇಲ್ಲ. ಅದು ತಂದೆ ಗೌರೀಶಯ್ಯನವರದು. ಉಳಿದೆಲ್ಲ ಪೇಟಿಗಳಿಗಿಂತ ಅದರ ಸ್ವರ ಒಂದು ಎಳೆಯಷ್ಟು ಮೇಲೆ. ಅರ್ಧ ಸ್ವರವೂ ಅಲ್ಲ, ಅದಕ್ಕಿಂತ ಬಹಳ ಕಡಿಮೆ. ತಂದೆ ಹಾಸಿಗೆ ಹಿಡಿದಾಗ ಆಡಿದ್ದು ಒಂದೇ ಮಾತು.

"ಇದಕ್ಕ ಕಾನಸ ಹಚ್ಚಬ್ಯಾಡೋ ಬಸ್ಯಾ. ಊರಿನ ಕೊರಳು ಇದಕ್ಕ ಕೂಡೇತಿ."

ಸುಳ್ಳಲ್ಲ. ಮೂರು ತಲೆಮಾರು ಸೋಮವಾರದ ಭಜನೆ ಹಾಡಿದ್ದು ಆ ಪೇಟಿಯ ಮೇಲೆ. ಮುರಗೋಡದವರು ಬೇರೆ ಊರಿಗೆ ಹೋಗಿ ಹಾಡಿದರೆ, ಅಲ್ಲಿಯ ಪೇಟಿ ಯಾಕೋ ನಿದ್ದೆಗಣ್ಣಿನಲ್ಲಿದೆ ಎಂದು ಗೊಣಗುತ್ತಾರೆ.

ಆ ಭಜನೆಗೆ ಒಂದು ಪದ್ಧತಿಯಿದೆ. ಪೇಟಿಯವರು ಮೊದಲ ಸ್ವರ ಹಿಡಿಯುವ ಮುನ್ನ ಕೈಮುಗಿದು ಕೂಡಿದವರಲ್ಲಿ ಅಪ್ಪಣೆ ಕೇಳಬೇಕು. ಕೂಡಿದವರು "ಆಗಲಿ" ಎನ್ನಬೇಕು. ಅಲ್ಲಿಯವರೆಗೆ ಪೇಟಿ ಮುಟ್ಟುವಂತಿಲ್ಲ. ಒಂದು ಸೋಮವಾರ ಜನ ಕಬ್ಬಿನ ರೇಟಿನ ಮಾತಿಗೆ ಬಿದ್ದು ಅಪ್ಪಣೆ ಕೊಡುವುದನ್ನೇ ಮರೆತರು. ಬಸಯ್ಯ ಮುಗಿದ ಕೈ ಇಳಿಸದೆ ಕಾಲು ತಾಸು ಕುಳಿತೇ ಇದ್ದರು.

ಸುರೇಬಾನದ ಸಪ್ನಾ ಹಾಡು ಕಲಿತದ್ದು ಈ ಪೇಟಿಯ ಮುಂದೆಯೇ. ಸೂಟಿಯಲ್ಲಿ ಅಜ್ಜಿಯ ಮನೆಗೆಂದು ಮುರಗೋಡಕ್ಕೆ ಬಂದ ಒಂಬತ್ತು ವರ್ಷದ ಹುಡುಗಿ ಅಂಗಡಿ ಬಿಟ್ಟು ಏಳುತ್ತಲೇ ಇರಲಿಲ್ಲ. ಈಗ ಅವಳ ಹಾಡಿಲ್ಲದ ಟ್ರ್ಯಾಕ್ಟರಿಲ್ಲ, ಮದುವೆಯಿಲ್ಲ, ಫೋನಿಲ್ಲ. ಈ ವರ್ಷ ಸಂಕ್ರಾಂತಿ ಮುಗಿದ ಮೇಲೆ ಅವಳು ಅಂಗಡಿಗೆ ಬಂದು, ಹಳೆಯ ರೂಢಿಯಂತೆ ನೆಲದ ಮೇಲೇ ಕುಳಿತು, ಒಂದು ದೊಡ್ಡ ಸುದ್ದಿ ಹೇಳಿದಳು. ಪುಣೆಯಿಂದ ಅರವತ್ತು ಜನರ ವಾದ್ಯವೃಂದ ಬರುತ್ತದೆ. ಪಿಟೀಲೇ ಮೂವತ್ತು. ಕಿತ್ತೂರಿನ ಬಯಲಿನಲ್ಲಿ ಜನರೆದುರು ಹಾಡುವುದನ್ನೇ ನೇರವಾಗಿ ಧ್ವನಿಮುದ್ರಿಸಿ ಆಲ್ಬಂ ಮಾಡುತ್ತಾರೆ. ತಪ್ಪಿದರೆ ಮತ್ತೊಮ್ಮೆ ಹಾಡುವಂತಿಲ್ಲ. ಕೊನೆಯ ಹಾಡು ಮುರಗೋಡದ ಭಜನೆಯದು, ಅದಕ್ಕೆ ಈ ಪೇಟಿಯೇ ಬೇಕು, ಅಜ್ಜಾರೇ ನುಡಿಸಬೇಕು.

ಬಸಯ್ಯ ಹೂಂ ಅಂದರು. ನಾಲ್ಕು ದಿನಕ್ಕೆ ಸಪ್ನಾಳ ಫೋನು ಬಂತು. ವಾದ್ಯವೃಂದ ನಡೆಸುವ ಶೈಲಜಾಬಾಯಿ ಪೇಟಿಯ ಸ್ವರವನ್ನು ಫೋನಿನಲ್ಲಿ ಕೇಳಿ, ಸ್ವಲ್ಪ ಮೇಲಿದೆ, ಅರವತ್ತು ವಾದ್ಯಕ್ಕೆ ಕೂಡುವುದಿಲ್ಲ, ಇಳಿಸಿ ತರಲಿ ಎಂದಿದ್ದರು. ಸಪ್ನಾಳಿಗೆ ಗೌರೀಶಯ್ಯನವರ ಮಾತಿನ ಸಂಗತಿ ಗೊತ್ತಿರಲಿಲ್ಲ. ಬಸಯ್ಯನೂ ಹೇಳಲಿಲ್ಲ, ನಾನು ನೋಡಿಕೊಳ್ಳುತ್ತೇನೆ ಬಿಡು ಎಂದು ಫೋನಿಟ್ಟರು.

ಹೆಂಡತಿ ದೇವಕ್ಕನಿಗೆ ಸಿಟ್ಟು ನೆತ್ತಿಗೇರಿತು. ಆ ಹುಡುಗಿಗೆ ಒಂದು ಮಾತು ಹೇಳಿದ್ದರೆ ಗಂಟೇನು ಹೋಗುತ್ತಿತ್ತು ಎಂದು ರೇಗಿದಳು. ಹಾಡುವವರ ತಲೆಯ ಮೇಲೆ ಭಾರ ಹೊರಿಸಬಾರದು, ಪೇಟಿ ಇರುವುದು ಹಾಡಿನ ಬೆನ್ನಿಗೆ ನಿಲ್ಲಲು ಎಂದರು ಬಸಯ್ಯ. ಜೀವಮಾನವಿಡೀ ಅವರು ಮಾಡಿದ್ದು ಅದನ್ನೇ. ಬಗ್ಗುವ ಪಾಳಿ ಯಾವಾಗಲೂ ತಮ್ಮದೇ ಎಂದು ನಂಬಿದ ಮನುಷ್ಯ.

ಆದರೆ ಕಸುಬುದಾರನ ತಲೆ ಸುಮ್ಮನೆ ಕೂರುತ್ತದೆಯೇ? ರೀಡಿನ ತುದಿಗೆ ಸಾಸಿವೆಗಿಂತ ಸಣ್ಣದಾಗಿ ಜೇನುಮೇಣ ಹಚ್ಚಿದರೆ ಆ ಭಾರಕ್ಕೆ ಸ್ವರ ತುಸು ಇಳಿಯುತ್ತದೆ, ಬೇಡವಾದಾಗ ಸೂಜಿಯಿಂದ ತೆಗೆಯಬಹುದು. ಎಂಟು ದಿನ ಒಂದೊಂದೇ ರೀಡಿಗೆ ಮೇಣ ಕೂರಿಸಿದರು. ದೇವಕ್ಕ ಬೈಯುತ್ತಲೇ ಬ್ಯಾಟರಿ ಹಿಡಿದು ಬೆಳಕು ಬಿಟ್ಟಳು. ಕಾನಸು ತಾಗಲಿಲ್ಲ, ಸ್ವರ ಇಳಿಯಿತು. ತಂದೆಯ ಮಾತೂ ಉಳಿಯಿತು, ಸಪ್ನಾಳ ಹಾಡೂ ಉಳಿಯಿತು ಎಂದು ಬಸಯ್ಯ ಆ ದಿನ ಎರಡು ರೊಟ್ಟಿ ಹೆಚ್ಚಿಗೆ ಉಂಡರು.

ಮೋಸವಾದದ್ದು ಕಿತ್ತೂರಿನಲ್ಲಿ. ಮಾರ್ಚ್ ತಿಂಗಳ ಮಧ್ಯಾಹ್ನ, ತಗಡಿನ ಮಾಡಿನ ಕೆಳಗೆ ತಾಲೀಮು. ಕೊನೆಯ ಹಾಡಿನ ಮೂರನೆಯ ಸಾಲಿಗೆ ಒಂದು ಸ್ವರ ತಟ್ಟನೆ ಮೇಲೆ ಹಾರಿತು. ಹಿಂದೆಯೇ ಇನ್ನೊಂದು. ಅರವತ್ತು ತಲೆಗಳು ಈ ಕಡೆ ತಿರುಗಿದವು. ಶೈಲಜಾಬಾಯಿ ಕೈಯಲ್ಲಿನ ತಾಳದ ಕೋಲು ಇಳಿಸಿದರು. ಬಸಯ್ಯ ಮುಚ್ಚಳ ಬಿಚ್ಚಿದರೆ, ಸೆಕೆಗೆ ಮೇಣ ಮೆತ್ತಗಾಗಿ ರೀಡಿನಿಂದ ಜಾರಿತ್ತು. ಜನ ಸೇರಲು ಮೂರು ತಾಸು ಮಾತ್ರ ಉಳಿದಿತ್ತು.

ಅವರು ಪೇಟಿಯನ್ನು ವೇದಿಕೆಯ ಹಿಂದೆ ಒಯ್ದು, ಅದಕ್ಕೆ ಹಣೆ ಮುಟ್ಟಿಸಿ, ಚೀಲದಿಂದ ಕಾನಸು ತೆಗೆದರು. ದೇವಕ್ಕನಿಗೆ ನೋಡಲಾಗಲಿಲ್ಲ. ಸೆರಗು ಸಿಕ್ಕಿಸಿ ಸೀದಾ ಸಪ್ನಾಳ ಬಳಿ ಹೋಗಿ, ಮಾವನ ಮಾತಿನಿಂದ ಮೇಣದವರೆಗೆ ಎಲ್ಲವನ್ನೂ ಹೇಳಿಬಿಟ್ಟಳು.

ಸಪ್ನಾ ಓಡಿಬಂದಾಗ ಕಾನಸು ಮೊದಲ ರೀಡಿನ ಮೇಲಿತ್ತು. ಅವಳು ಅಂಗೈಯನ್ನು ಅಡ್ಡ ಇಟ್ಟಳು.

"ಕೈ ತಗಿ ಯವ್ವಾ, ಹೊತ್ತಿಲ್ಲ. ನಿನ್ನ ಹಾಡ ಕೆಡಬಾರದು," ಎಂದರು ಬಸಯ್ಯ.

"ಇದನ್ನ ಕೆರದ್ರ ನನಗ ಆ ಹಾಡಽ ಇಲ್ರಿ ಅಜ್ಜಾರ. ನನ್ನ ಕೊರಳೂ ಇದಕ್ಕಽ ಕೂಡೇತಿ," ಎಂದಳು ಅವಳು. ಕಾನಸನ್ನು ಕಿತ್ತುಕೊಂಡು ಹೋಗಿ ಶೈಲಜಾಬಾಯಿಯ ಮುಂದಿಟ್ಟಳು.

ಶೈಲಜಾಬಾಯಿ ಬಿಗಿ ಹೆಂಗಸು. ಕಾನಸು ನೋಡಿದರು, ಪೇಟಿ ನೋಡಿದರು, ಸ್ವರ ಅಳೆಯುವ ಸಣ್ಣ ಯಂತ್ರ ನೋಡಿದರು. ತಂತಿಗಳನ್ನು ಬಿಗಿ ಮಾಡಿ ಏರಿಸಬಹುದು, ಊದುವವರು ಸ್ವಲ್ಪ ಗೊಣಗುತ್ತಾರೆ, ಗೊಣಗಲಿ ಎಂದರು. ಕೊನೆಯ ಹಾಡಿನ ಮುನ್ನ, ಜನರೆದುರೇ, ಎಲ್ಲರೂ ಪೇಟಿಗೆ ಶ್ರುತಿ ಕೂಡಿಸುವುದೆಂದು ತೀರ್ಮಾನವಾಯಿತು. ಗಂಡ ಹೆಂಡತಿ ಸೂಜಿ ಹಿಡಿದು ಕುಳಿತು ಉಳಿದ ಮೇಣವನ್ನೆಲ್ಲ ತೆಗೆದರು.

ಸಂಜೆ ಬಯಲು ತುಂಬಿತು. ಸಪ್ನಾ ಒಂದಾದ ಮೇಲೊಂದು ಹಾಡಿದಳು, ಜನ ಕುಣಿದರು. ಕೊನೆಗೆ ಶೈಲಜಾಬಾಯಿ ಬಸಯ್ಯನ ಕಡೆ ತಿರುಗಿ ಸ್ವರ ಕೊಡಿ ಎಂದು ಸನ್ನೆ ಮಾಡಿದರು. ಮೈಕುಗಳೆಲ್ಲ ಚಾಲೂ ಇದ್ದವು. ಬಸಯ್ಯ ಪೇಟಿ ಮುಟ್ಟಲಿಲ್ಲ. ಅರವತ್ತು ಜನರ ಕಡೆ ತಿರುಗಿ ಕೈಮುಗಿದರು.

"ಅಪ್ಪಣಿ ಆಗಲ್ರಿ."

ಪುಣೆಯವರಿಗೆ ಏನು ತಿಳಿಯಬೇಕು? ಎಲ್ಲರೂ ಮುಖ ಮುಖ ನೋಡಿಕೊಂಡರು. ಶೈಲಜಾಬಾಯಿ ಮತ್ತೊಮ್ಮೆ ಸನ್ನೆ ಮಾಡಿದರು. ಈ ಮನುಷ್ಯ ಮುಗಿದ ಕೈ ಇಳಿಸಲಿಲ್ಲ. ಧ್ವನಿಮುದ್ರಣದವನು ತಲೆ ಮೇಲೆ ಕೈ ಹೊತ್ತ. ಸಪ್ನಾ ಬಸಯ್ಯನ ಕಡೆ ತಿರುಗಿ "ಆಗಲಿ" ಎಂದಳು. ಆಗ ಶೈಲಜಾಬಾಯಿಗೆ ಅರ್ಥವಾಯಿತು. ಕೋಲನ್ನು ಅಂಗೈಗಳ ನಡುವೆ ಹಿಡಿದೇ ಕೈಮುಗಿದು, ತಮ್ಮ ಮರಾಠಿ ನಾಲಿಗೆಯಲ್ಲಿ "ಆಗಲಿ" ಎಂದರು. ಹಿಂದೆಯೇ ಅರವತ್ತು ಜನ, ಬಂದ ಹಾಗೆ, ಆಗಲಿ ಎಂದರು.

ಬಸಯ್ಯ ಷಡ್ಜ ಹಿಡಿದರು. ಒಂದು ಕೊಳಲು ಅದನ್ನು ಹಿಡಿಯಿತು. ಆಮೇಲೆ ಮೂವತ್ತು ಪಿಟೀಲುಗಳು ಎಳೆಯಷ್ಟು, ಎಳೆಯಷ್ಟೇ ಮೇಲೇರುತ್ತ ಬಂದು ಗೌರೀಶಯ್ಯನವರ ಪೇಟಿಯ ಪಕ್ಕ ನಿಂತವು. ಬದುಕಿಡೀ ಹಾಡುವವರ ಬೆನ್ನಿಗೆ ನಿಂತ ಮನುಷ್ಯನ ಕಣ್ಣು ತುಂಬಿ ಹರಿಯಿತು, ತಿದಿ ಮಾತ್ರ ನಿಲ್ಲಲಿಲ್ಲ.

ಅಪ್ಪಣೆ ಕೇಳಿ ಶ್ರುತಿ ಕೂಡಿಸಿದ ಆ ಒಂದೂವರೆ ನಿಮಿಷವನ್ನು ಕತ್ತರಿಸೋಣ ಎಂದು ಧ್ವನಿಮುದ್ರಣದವನು ಹೇಳಿದನಂತೆ. ಸಪ್ನಾ ಒಪ್ಪಲಿಲ್ಲ. ಆಲ್ಬಂ ಬಂದ ದಿನ ದೇವಕ್ಕ ಅಂಗಡಿಯಲ್ಲಿ ಫೋನು ಹಚ್ಚಿದಳು. ಬಸಯ್ಯ ಕಣ್ಣು ಮುಚ್ಚಿ ಕೇಳಿದರು. ವಾದ್ಯಗಳೆಲ್ಲ ಕೂಡಿ, ಇನ್ನೇನು ಹಾಡು ಶುರುವಾಗಬೇಕು, ಅಷ್ಟರಲ್ಲಿ ನಿಲ್ಲಿಸು ಎಂದರು.

"ಹಾಡ ಕೇಳಾಂಗಿಲ್ಲೇನ್ರಿ?" ಎಂದಳು ದೇವಕ್ಕ.

"ಹಾಡ ಆಮ್ಯಾಲ ಕೇಳೂಣು. ಅಪ್ಪನ ದನಿ ಇನ್ನೊಮ್ಮಿ ಹಚ್ಚು."