ದೂರು ಕೊಟ್ಟವರೇ ಜಾಮೀನು ನಿಂತದ್ದು

ನನ್ನ ಗಂಡ ದನದ ದಲ್ಲಾಳಿ. ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ಗುಟ್ಟಾಗಿ ಬೆಲೆ ಕುದುರಿಸುವುದರಲ್ಲಿ ಇವರನ್ನು ಮೀರಿಸುವವರಿಲ್ಲ ಎಂದು ಸಂತೆಯವರು ಹೊಗಳಿ ಹೊಗಳಿಯೇ ಕೆಡಿಸಿದರು. ಅದು ಯುದ್ಧದ ಕಾಲ. ಮಳವಳ್ಳಿ ಸಂತೆಯಲ್ಲಿ ಆ ಕಡೆಯ ಒಬ್ಬ ಹಿರಿಯ ಗೌಡರಿಗೆ ಇವರು ಒಂದು ಎತ್ತು ಕೊಡಿಸಿದರು. ಖಾಲಿ ಗಾಡಿಗೆ ಕಟ್ಟಿ ತೋರಿಸಿದಾಗ ಚೆನ್ನಾಗಿಯೇ ಓಡಿತಂತೆ. ಗದ್ದೆಗಿಳಿಸಿ ನೊಗ ಇಟ್ಟರೆ ಮಾತ್ರ ಕೆಸರಿನಲ್ಲೇ ಮಲಗಿಬಿಡುತ್ತಿತ್ತು.

ಗೌಡರು ಪೊಲೀಸಿಗೆ ದೂರು ಕೊಟ್ಟರು. ದಲ್ಲಾಳಿಯನ್ನು ಕರೆಸಿ ನಾಲ್ಕು ಮಾತು ಬೈದು, ಎತ್ತು ವಾಪಸು ಹೊಡೆಸಿ ದುಡ್ಡು ಕೊಡಿಸುತ್ತಾರೆ ಎಂದುಕೊಂಡಿದ್ದರು, ಪಾಪ. ನಮ್ಮ ಕಡೆಯವರಿಗೆ ಠಾಣೆಯೆಂದರೆ ಇನ್ನೊಂದು ಪಂಚಾಯಿತಿ, ಅಷ್ಟೆ. ಪೊಲೀಸರು ಮೋಸದ ಕೇಸು ಹಾಕಿ ಇವರನ್ನು ಲಾಕಪ್ಪಿಗೆ ದೂಡಿದರು.

ಇತ್ತ ಗೆಜ್ಜಲಗೆರೆಯ ನಮ್ಮ ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದು ಅನ್ನ ಬಿಟ್ಟಿದ್ದರು. ಬಾಯಿಗೆ ಕೊನೆಯ ನೀರು ಮಗನೇ ಬಿಡಬೇಕೆಂದು ಅವರ ಹಟ. ಇದ್ದವರು ಇವರೊಬ್ಬರೇ ಮಗ. ಎತ್ತಿನ ವಿಷಯ, ಲಾಕಪ್ಪಿನ ವಿಷಯ ಎರಡನ್ನೂ ಮುಚ್ಚಿಡಲು ನೋಡಿದೆ. ಊರು ಬಿಡುತ್ತದೆಯೇ, ಅತ್ತೆಯ ಕಿವಿಗೆ ಹಾಕಿಯೇ ಹಾಕಿತು.

ಮಳವಳ್ಳಿ ಕೋರ್ಟಿಗೆ ಓಡಿದೆ. "ಇವನು ಸಂತೆಯಿಂದ ಸಂತೆಗೆ ಅಲೆಯುವವನು, ಸ್ವಂತ ಹೊಲವಿಲ್ಲ. ಬಿಟ್ಟರೆ ಸಿಕ್ಕುವುದಿಲ್ಲ" ಎಂದು ಸರ್ಕಾರದ ವಕೀಲರು ವಾದಿಸಿದರು. ಮ್ಯಾಜಿಸ್ಟ್ರೇಟರು ಸಮಾಧಾನದಿಂದ ಹೇಳಿದರು: "ಮೋಸ ಮಾಡಿದನೋ ಇಲ್ಲವೋ ಅನ್ನೋದು ಇವತ್ತಿನ ಪ್ರಶ್ನೆ ಅಲ್ಲ. ಕರೆದ ದಿನ ಬರ್ತಾನಾ, ಸಾಕ್ಷಿಗಳನ್ನ ಕೆಡಿಸ್ತಾನಾ, ಅಷ್ಟೇ ನಾನು ನೋಡೋದು. ಈ ತಾಲ್ಲೂಕಿನಲ್ಲಿ ಜಮೀನಿರೋರು ಯಾರಾದರೂ ಜಾಮೀನು ನಿಂತರೆ ಬಿಡ್ತೀನಿ."

ಆ ತಾಲ್ಲೂಕಿನಲ್ಲಿ ನನಗೆ ಗೊತ್ತಿದ್ದ ಜಮೀನುದಾರರು ಒಬ್ಬರೇ, ದೂರು ಕೊಟ್ಟ ಗೌಡರು. ಕಾಲಿಗೆ ಬೀಳಲೆಂದೇ ಅವರ ಊರಿಗೆ ಹೋದೆ. ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತವರನ್ನು ಕಂಡದ್ದೇ ಮೈ ಉರಿದುಹೋಯಿತು.

"ನಿಮ್ಮೆತ್ತು ಇವತ್ತು ಮಲಗುದ್ರೆ ನಾಳೆ ಎದ್ದಾತು ಗೌಡ್ರೇ, ನಮ್ಮತ್ತೆ ಏಳಕಿಲ್ಲ!" ಎಂದು ಅಂಗಳದಲ್ಲೇ ಕೂಗಾಡಿ, ಎಲ್ಲವನ್ನೂ ಹೇಳಿದೆ.

ಗೌಡರ ಮುಖ ಸಪ್ಪಗಾಯಿತು. "ಒಳೀಕಾಕ್ತಾರೆ ಅಂತ ನಂಗೇನ್ ಗೊತ್ತಿತ್ತು ಕಣಮ್ಮ," ಎಂದರು. "ಮೊದ್ಲು ಉಣ್ಣೋಗು."

ಮರುದಿನ ಕಂದಾಯದ ರಸೀತಿ ಹಿಡಿದು ಕೋರ್ಟಿಗೆ ಬಂದೇ ಬಂದರು. "ದೂರು ನಿನ್ನದೇ, ಜಾಮೀನೂ ನೀನೇನಾ?" ಎಂದು ಮ್ಯಾಜಿಸ್ಟ್ರೇಟರಿಗೆ ಆಶ್ಚರ್ಯ.

"ಕೇಸು ನಡೀಲಿ ಸ್ವಾಮಿ, ನಾನು ಬುಡಾಕಿಲ್ಲ. ಎತ್ತಿನ್ ಇಚಾರ್ದಾಗೆ ಮೋಸ ಮಾಡವ್ನೆ. ಆದ್ರೆ ಹೆತ್ತವ್ವ ಅಂಗೆ ಮಲಗಿರೋವಾಗ ಇವ್ನೆಲ್ಲಿಗೆ ಓಡೋದಾನು?"

ಕೇಸು ಮುಗಿಯುವವರೆಗೆ ಯಾವ ದನದ ಸಂತೆಗೂ ಕಾಲಿಡಬಾರದೆಂದು ಹೇಳಿ ಮ್ಯಾಜಿಸ್ಟ್ರೇಟರು ಇವರನ್ನು ಬಿಟ್ಟರು. ಜಾಮೀನು ನಿಂತ ಮೇಲೆ ಮನೆ ನೋಡಬೇಕಲ್ಲ ಎಂದು ಗೌಡರೂ ನಮ್ಮ ಜೊತೆ ಹೊರಟರು. ಯುದ್ಧದಿಂದ ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಮದ್ದೂರಿಗೆ ಬಂದು, ಅಲ್ಲಿಂದ ನಡೆದೆವು.

ಅತ್ತೆಗೆ ಇನ್ನೂ ಉಸಿರಿತ್ತು. ಇವರು ತಲೆಯ ಹತ್ತಿರ ಕೂತು ನೀರಿನ ಲೋಟ ಬಾಯಿಗಿಟ್ಟರು. ಅತ್ತೆ ಮುಖ ಆಚೆಗೆ ತಿರುಗಿಸಿದರು.

"ಆ ಎತ್ತು ಮಲಗ್ತದೆ ಅಂತ ನಿಂಗೊತ್ತಿತ್ತೇನ್ಲಾ?"

ಬಾಗಿಲಲ್ಲಿ ಗೌಡರು ನಿಂತಿದ್ದರು. ಇಲ್ಲ ಅಂದುಬಿಡಿ, ಸಾಯುವ ಜೀವಕ್ಕೆ ಒಂದು ಸುಳ್ಳು ಹೇಳಿದರೆ ಏನು ಮುಳುಗಿಹೋಗುತ್ತದೆ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಇವರು ಒಮ್ಮೆ ಬಾಗಿಲ ಕಡೆ ನೋಡಿದರು.

"ಗೊತ್ತಿತ್ತು ಕಣವ್ವ."

ಅತ್ತೆ ಮುಖ ಇತ್ತ ತಿರುಗಿಸಿದರು. "ಈಗ ನೀರು ಬುಡು," ಎಂದು ಬಾಯಿ ತೆರೆದರು.

ವಾಯಿದೆಯ ದಿನ ಇವರು ಅದೇ ಮಾತನ್ನು ಕೋರ್ಟಿನಲ್ಲೂ ಹೇಳಿ ಜೈಲಿಗೆ ಹೋದರು.