ಬರೀ ಅರಿಶಿನ ಪುಡಿ

ಊರವರು ದೇವರ ಪ್ರಸಾದವೆಂದು ಹಣೆಗೆ ಹಚ್ಚುವ ಭಂಡಾರ ಅಂದರೆ ನನಗೆ ಅರಿಶಿನ ಪುಡಿ. ಕುಣಿಕೋಣೂರಿನ ಕುರಿ ಸಾಕುವ ಮನೆಯಲ್ಲಿ ಹುಟ್ಟಿ, ಬೀರಪ್ಪನ ಗುಡಿಯ ಮುಂದೆಯೇ ನಿಂತು ಹೀಗೆನ್ನುವ ಹೆಣ್ಣುಮಗಳು ಎಷ್ಟು ಜನರ ಬಾಯಿಗೆ ಬಿದ್ದಿರಬಹುದು, ನೀವೇ ಊಹಿಸಿ. ಜತ್ತದ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸುತ್ತೇನೆ. ನನಗೆ ಸಂಬಳ ಕೊಡುವುದೇ ಸಂಶಯಪಡಲಿಕ್ಕೆ. ಅರಿವಿಗೆ ಮೂರು ದಾರಿ, ಪ್ರತ್ಯಕ್ಷ, ಅನುಮಾನ, ಆಪ್ತವಾಕ್ಯ ಎಂದು ಬೋರ್ಡಿನ ಮೇಲೆ ಬರೆಯುವಾಗ ಮೂರನೆಯದಕ್ಕೆ ಮೂಗು ಮುರಿಯುತ್ತಿದ್ದೆ. ನಂಬಿದವರ ಮಾತನ್ನೇ ಪ್ರಮಾಣ ಅನ್ನುವುದು ಸೋಮಾರಿಗಳ ಕೆಲಸ ಎಂದು ನನ್ನ ತೀರ್ಮಾನ.

ಹೋದ ವರ್ಷ ಅಣ್ಣ ಸೋನ್ಯಾಳದ ಬೀಗರ ಮನೆಗೆ ಹೋಗಿದ್ದ. ರಜೆಗೆ ಬಂದಿದ್ದ ನಾನೇ ಅವತ್ತು ಕುರಿ ಮೇಯಿಸಿದೆ. ಸಂಜೆ ಪಕ್ಕದ ಹೊಲದ ಈರಪ್ಪಕಾಕಾ ಅಂಗಳಕ್ಕೆ ಬಂದರು. ಅವರ ಎಳೆ ಜೋಳವನ್ನು ಯಾರದೋ ಕುರಿಗಳು ಮೇದುಬಿಟ್ಟಿದ್ದವು. ನಮ್ಮವಲ್ಲ ಎಂದೆ. ಅದು ನಿಜವೂ ಆಗಿತ್ತು. ಆದರೆ ನಮ್ಮ ಕಡೆ ಅಷ್ಟಕ್ಕೇ ಮುಗಿಯುವುದಿಲ್ಲ. ಭಂಡಾರ ಮುಟ್ಟಿ ಹೇಳಬೇಕು. ಹೇಳಿದ ಮೇಲೆ ಯಾರೂ ಮರುಮಾತಾಡುವುದಿಲ್ಲ.

"ಭಂಡಾರ ಮುಟ್ಟಿ ಹೇಳವ್ವಾ, ನಾ ಸುಮ್ನ ಹೊಕ್ಕೀನಿ," ಎಂದರು ಕಾಕಾ.

"ಮುಟ್ಟಂಗಿಲ್ರಿ ಕಾಕಾ."

ಅವ್ವನಿಗೆ ಸಿಟ್ಟು ನೆತ್ತಿಗೇರಿತು. "ಯಾವಾಗಲೂ ಪುಡಿ ಪುಡಿ ಅಂತೀದಿ. ಪುಡಿ ಮುಟ್ಟಾಕ ನಿನಗೇನ ಧಾಡಿ?"

ಪ್ರಶ್ನೆ ಸರಿಯಾಗಿಯೇ ಇತ್ತು. ಅಡುಗೆಮನೆಯಲ್ಲಿ ದಿನಾ ಮುಟ್ಟುವುದನ್ನು ಅಂಗಳದಲ್ಲಿ ಮುಟ್ಟಿದರೆ ಕೈಯೇನೂ ಸುಡುತ್ತಿರಲಿಲ್ಲ. ಆದರೆ ನಂಬದ್ದನ್ನು ನಂಬಿದವಳಂತೆ ಮುಟ್ಟಿದರೆ ಅದು ನಾಟಕ. ನಿಜ ಹೇಳಲಿಕ್ಕೆ ನಾಟಕ ಯಾಕೆ ಆಡಲಿ? ಅರಿಶಿನ ಹಚ್ಚಿದರೇ ನನ್ನ ಮಾತಿಗೆ ಬೆಲೆ ಅನ್ನುವುದಾದರೆ ಆ ಬೆಲೆಯೇ ನನಗೆ ಬೇಡ. ಊರೆಲ್ಲ ಸುಳ್ಳಿ ಅನ್ನಲಿ ಎಂದು ಕಟ್ಟೆಯ ಮೇಲೆ ಗಟ್ಟಿಯಾಗಿ ಕೂತೆ.

ಅವ್ವ ಒಳಗೆ ಹೋಗಿ ದೇವರ ಜಗುಲಿಯ ಮೇಲಿನ ಭಂಡಾರದ ಬಟ್ಟಲು ತಂದಳು. ಅದರಲ್ಲಿ ಕೈಯಿಟ್ಟು, "ಈರಪ್ಪಾ, ಕುರಿ ನಮ್ಮವಲ್ಲ. ಸುಳ್ಳಿದ್ದರ ನನ್ನ ಮನಿ ಹಾಳಾಗಲಿ," ಎಂದಳು. ಕಾಕಾ ಬಟ್ಟಲಿಗೆ ಕೈಮುಗಿದು ಹೊರಟುಹೋದರು.

ಅವ್ವ ಅವತ್ತು ಹೊಲದ ಕಡೆ ಹೋದವಳೇ ಅಲ್ಲ. ಕುರಿ ಎಲ್ಲಿ ಮೇದವೆಂದು ಕಂಡವಳೂ ಅಲ್ಲ. ಸುಳ್ಳಾಣೆಗೆ ಮನೆ ಹಾಳಾಗಿಯೇ ತೀರುತ್ತದೆಂದು ನಂಬಿದ ಹೆಂಗಸು, ಆಣೆಯನ್ನೇ ನಂಬದ ಮಗಳ ಒಂದು ಮಾತಿನ ಮೇಲೆ ಇಡೀ ಮನೆಯನ್ನು ಪಣಕ್ಕಿಟ್ಟಿದ್ದಳು. ನನಗೆ ಅಳು ಬಂತು.

ಹಾಗಂತ ನಾನು ಸೋತೆ ಅಂದುಕೊಳ್ಳಬೇಡಿ. ಬೋರ್ಡಿನ ಮೇಲೆ ಮೂರನೆಯದನ್ನು ಈಗ ಮೂಗು ಮುರಿಯದೆ ಬರೆಯುತ್ತೇನೆ, ಅಷ್ಟೇ. ಭಂಡಾರ ಇವತ್ತಿಗೂ ನನಗೆ ಅರಿಶಿನ ಪುಡಿಯೇ. ಬೇಕಾದವರು ವಾದಕ್ಕೆ ಬರಲಿ. ಆದರೆ ಅವತ್ತು ಅವ್ವನ ಬೆರಳಿಗೆ ಹತ್ತಿದ್ದನ್ನು ಮಾತ್ರ ಯಾರೂ ಪುಡಿ ಅನ್ನಬಾರದು. ಅಂದರೆ ಜಗಳಕ್ಕೆ ನಾನೇ ಬರುತ್ತೇನೆ.